ಮೊದಲು ಕೈ, ಆಮೇಲೆ ಬಾಯಿ: ಒಂದು ಸಿಗಾರ್‌ನ ಹದ

ನಮ್ಮಪ್ಪ ಹೊಗೆಸೊಪ್ಪು ಬೆಳೆಯುತ್ತಾರೆ. ನಲವತ್ತು ವರ್ಷದಿಂದ ಬೆಳೆಯುತ್ತಿದ್ದಾರೆ, ಒಂದು ದಿನವೂ ಸೇದಿಲ್ಲ. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಗೆ ನಮ್ಮ ಬೇಲುಗಳು ಹೋಗುತ್ತವೆ. ನಾನು ಚಿಕ್ಕವನಿದ್ದಾಗ, ಎಲೆ ಬೇಯಿಸುವ ಮನೆಯಾದ ಬ್ಯಾರನ್‌ನಿಂದ ಇಳಿಸಿದ ಸೊಪ್ಪನ್ನು ಅಪ್ಪ ಮುಷ್ಟಿಯಲ್ಲಿ ಮೆಲ್ಲಗೆ ಹಿಡಿದು ಬಿಡುತ್ತಿದ್ದರು. ಎಲೆ ಪುಡಿಯಾದರೆ, "ಇನ್ನೂ ಹದಕ್ಕೆ ಬಂದಿಲ್ಲ, ಇನ್ನೊಂದು ರಾತ್ರಿ ತಂಪಿಗೆ ಬಿಡಿ" ಅನ್ನುತ್ತಿದ್ದರು. ಮುದುಡಿದ್ದು ಮುದುಡಿದ ಹಾಗೇ ಉಳಿದರೆ, "ತೇವ ಜಾಸ್ತಿ, ಬೂಸ್ಟು ಹಿಡಿಯುತ್ತೆ". ಕೈ ಬಿಟ್ಟ ಮೇಲೆ ಎಲೆ ನಿಧಾನಕ್ಕೆ ತಾನೇ ಬಿಚ್ಚಿಕೊಂಡರೆ ಮಾತ್ರ, "ಆಯ್ತು, ಗ್ರೇಡ್ ಮಾಡಿ".

ಈಗ ನಾನಿರುವುದು ಅಮೆರಿಕದ ಫ್ಲೋರಿಡಾದ ಟ್ಯಾಂಪಾ ಊರಲ್ಲಿ. ಬಂದು ಹನ್ನೊಂದು ವರ್ಷ ಆಯಿತು. ಕಂಪ್ಯೂಟರ್ ಕೆಲಸಕ್ಕೆ ಅಂತ ಬಂದವನಿಗೆ ಈ ಊರಿಗೂ ಹೊಗೆಸೊಪ್ಪಿಗೂ ಇಷ್ಟು ಹಳೇ ನಂಟಿದೆ ಅಂತ ಗೊತ್ತೇ ಇರಲಿಲ್ಲ. 1880ರ ದಶಕದಲ್ಲಿ ವಿಸೆಂತೆ ಮಾರ್ಟಿನೆಜ್ ಇಬೋರ್ ಎಂಬ ಸಿಗಾರ್ ವ್ಯಾಪಾರಿ ಕೀ ವೆಸ್ಟ್‌ನಲ್ಲಿದ್ದ ತನ್ನ ಕಾರ್ಖಾನೆಯ ಕೆಲಸವನ್ನು ಇಲ್ಲಿಗೆ ತಂದ. ಅವನ ಹೆಸರಲ್ಲೇ ಇಬೋರ್ ಸಿಟಿ ಹುಟ್ಟಿತು. ಕ್ಯೂಬಾ, ಸ್ಪೇನ್, ಸಿಸಿಲಿಯಿಂದ ಬಂದ ಜನ ಸಾಲುಸಾಲಾಗಿ ಕೂತು ಸಿಗಾರ್ ಸುತ್ತಿದರು. ಅವರು ಸುತ್ತುತ್ತಿರುವಾಗ ಒಬ್ಬ ಎತ್ತರದಲ್ಲಿ ಕೂತು ದಿನಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದುತ್ತಿದ್ದ. ಅವನ ಸಂಬಳವನ್ನು ಕೆಲಸಗಾರರೇ ತಮ್ಮ ಕೈಯಿಂದ ಕೊಡುತ್ತಿದ್ದರು. 1910ರಲ್ಲಿ ಕಟ್ಟಿದ, ಗಡಿಯಾರದ ಗೋಪುರ ಇರುವ ಕೆಂಪು ಇಟ್ಟಿಗೆಯ ಕಾರ್ಖಾನೆಯೊಂದು ಇವತ್ತಿಗೂ ಇಲ್ಲಿ ನಡೆಯುತ್ತಿದೆ. ಎಲ್ ರೆಲೋಹ್ ಅಂತಾರೆ ಅದನ್ನು. ಅದರ ಮುಂದೆ ಮೊದಲ ಸಲ ಕಾರು ನಿಲ್ಲಿಸಿ ಇಳಿದಾಗ ಮೂಗಿಗೆ ಬಂದ ವಾಸನೆ ನಮ್ಮ ಅಟ್ಟದ ವಾಸನೆಗೆ ತುಂಬ ಹತ್ತಿರ ಇತ್ತು. ಐದು ನಿಮಿಷ ಅಲ್ಲೇ ನಿಂತಿದ್ದೆ.

ಸಿಗಾರ್ ನೋಡುವುದನ್ನು ನನಗೆ ಕಲಿಸಿದವರು ಪಕ್ಕದ ಮನೆಯ ಅಜ್ಜ. ಕ್ಯೂಬಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಇಲ್ಲಿಗೆ ಬಂದು, ಮೂವತ್ತು ವರ್ಷ ಸಿಗಾರ್ ಸುತ್ತಿದವರು. ಎಂಬತ್ತು ದಾಟಿದೆ. ನನ್ನನ್ನು "ಮಿಹೋ" ಅಂತ ಕರೆಯುತ್ತಾರೆ, ನಮ್ಮ ಕಡೆ "ಮಗಾ" ಅಂತೀವಲ್ಲ, ಅದೇ. ನಮ್ಮಪ್ಪನ ಬೆರಳಿನ ತುದಿಯಲ್ಲಿ ಇರುವಂಥದೇ ಕಂದು ಕಲೆ ಅವರ ಬೆರಳಲ್ಲೂ ಇದೆ. ಅಷ್ಟು ಸಾಕಾಯಿತು ನನಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಿಗಾರ್ ಸೇದಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ಹೊಗೆಯನ್ನು ಎದೆಗೆ ಎಳೆಯದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಇದ್ದೇ ಇದೆ. ನಾನು ತಿಂಗಳಿಗೆ ಒಂದು, ಹೆಚ್ಚೆಂದರೆ ಎರಡು ಸೇದುತ್ತೇನೆ. ಮನೆಯೊಳಗೆ ಯಾವತ್ತೂ ಇಲ್ಲ, ಹಿತ್ತಲಿನ ಜಾಲರಿ ಜಗುಲಿಯಲ್ಲಿ, ಮಕ್ಕಳು ಮಲಗಿದ ಮೇಲೆ. ಶುರು ಮಾಡದವರು ಶುರು ಮಾಡಬೇಡಿ. ನಾನು ಬರೆಯುತ್ತಿರುವುದು ಎಲೆಯ ಬಗ್ಗೆ, ಅದನ್ನು ಮಾಡುವ ಕೈಗಳ ಬಗ್ಗೆ, ಅದನ್ನು ಹೇಗೆ ನೋಡಿ ತಿಳಿಯಬೇಕು ಅನ್ನುವುದರ ಬಗ್ಗೆ.

ಸಿಗಾರ್ ಅಂದ ತಕ್ಷಣ ಎಲ್ಲರೂ ಕೇಳುವುದು ರುಚಿ ಹೇಗಿತ್ತು ಅಂತ. ಚಾಕೊಲೇಟ್ ಇತ್ತಾ, ಕಾಫಿ ಇತ್ತಾ, ಖಾರ ಇತ್ತಾ? ನನ್ನ ಪ್ರಕಾರ ಅದು ಕೊನೇ ಪ್ರಶ್ನೆ. ಕಟ್ಟು, ಅಂದರೆ ಒಳಗೆ ಎಲೆ ಜೋಡಿಸಿ ಸುತ್ತಿದ ರೀತಿ, ಸರಿಯಿಲ್ಲದ ಸಿಗಾರ್‌ನ ರುಚಿ ಹೇಳುವುದು, ಕಲ್ಲು ಆರಿಸದ ಅಕ್ಕಿಯ ಅನ್ನಕ್ಕೆ ರುಚಿ ಹೇಳಿದ ಹಾಗೆ. ಎಳೆತ ಸರಿಯಿರಬೇಕು, ಉರಿ ಸರಿಯಿರಬೇಕು. ಅವೆರಡೂ ಇದ್ದ ಮೇಲೆ ಎಲೆ ತಾನು ಏನು ಅಂತ ಹೇಳುತ್ತದೆ.

ಇದು ನನಗೆ ಮನದಟ್ಟಾಗಿದ್ದು ಒಂದು ಕೆಟ್ಟ ಸಿಗಾರ್‌ನಿಂದ. ನಾಲ್ಕು ವರ್ಷದ ಹಿಂದೆ ಐದರ ಒಂದು ಪೆಟ್ಟಿಗೆ ತಂದಿದ್ದೆ. ಯಾವ ಕಂಪನಿಯದು ಅಂತ ಬೇಡ. ನೋಡಲು ಚೆಂದ, ಎಣ್ಣೆ ಮೆತ್ತಿದ ಹಾಗೆ ಹೊಳೆಯುತ್ತಿತ್ತು. ಹಚ್ಚಿದರೆ ಹೊಗೆಯೇ ಬರಲಿಲ್ಲ. ಗಟ್ಟಿಯಾದ ಮಜ್ಜಿಗೆಯನ್ನು ಸಣ್ಣ ಸ್ಟ್ರಾದಲ್ಲಿ ಎಳೆದ ಹಾಗೆ ಕೆನ್ನೆ ಒಳಗೆ ಹೋಗುವಷ್ಟು ಎಳೆದೆ. ಬಂದಿದ್ದು ಕಹಿ. ಜತೆಗೆ ಒಂದು ಪಕ್ಕ ಬೇಗ ಉರಿದು, ಇನ್ನೊಂದು ಪಕ್ಕ ಹಾಗೇ ನಿಂತು, ದೋಣಿಯ ಹಾಗೆ ಆಯಿತು. "ಈ ಎಲೆಯೇ ಕಹಿ" ಅಂತ ಅಜ್ಜನ ಹತ್ತಿರ ದೂರಿದೆ. ಅಜ್ಜ ಏನೂ ಹೇಳಲಿಲ್ಲ. ಒಳಗೆ ಹೋಗಿ ಬ್ಲೇಡು ತಂದರು.

ಹಳೇ ಪೇಪರ್ ಹಾಸಿ, ಹಚ್ಚಿರದ ಇನ್ನೊಂದನ್ನು ಅದರ ಮೇಲಿಟ್ಟು, ಉದ್ದಕ್ಕೆ ಸೀಳಿದರು. ಮೊದಲು ಹೊರಗಿನ ಎಲೆ ಬಿಡಿಸಿದರು, ರ‍್ಯಾಪರ್. ಈರುಳ್ಳಿಯ ಒಳಪೊರೆಯಷ್ಟು ತೆಳು, ಒಂದೂ ದಪ್ಪ ನರ ಇಲ್ಲ. "ಇದಕ್ಕೆ ದುಡ್ಡು ಹಾಕಿದ್ದಾರೆ" ಅಂದರು. ಅದರ ಕೆಳಗೆ ಎಲ್ಲವನ್ನೂ ಬಿಗಿಯಾಗಿ ಹಿಡಿಯುವ ಬೈಂಡರ್ ಎಲೆ, ಸ್ವಲ್ಪ ಒರಟು. ಅದನ್ನು ಬಿಚ್ಚಿದ ಮೇಲೆ ಒಳಗಿನ ಫಿಲ್ಲರ್ ಕಂಡಿತು. ನಾಲ್ಕು ಎಲೆ. ಅದರಲ್ಲಿ ಒಂದು ಎಲೆಯ ದಂಟನ್ನು ಪೂರ್ತಿ ತೆಗೆದಿರಲಿಲ್ಲ. ಬೆಂಕಿಕಡ್ಡಿಯಷ್ಟು ದಪ್ಪದ ದಂಟು ನಡುವೆ ಅಡ್ಡಡ್ಡ ಮಲಗಿತ್ತು. ಎಲೆಗಳು ಹಗ್ಗ ಹೊಸೆದ ಹಾಗೆ ಒಂದಕ್ಕೊಂದು ತಿರುಚಿಕೊಂಡಿದ್ದವು. ಗಾಳಿ ಹೋಗುವುದಕ್ಕೆ ದಾರಿಯೇ ಇರಲಿಲ್ಲ. ಅಜ್ಜ ಅದರಲ್ಲಿ ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದರು. ಉಳಿದವಕ್ಕಿಂತ ದಪ್ಪ, ಕಪ್ಪು, ಅಂಟಂಟು. "ಲಿಹೆರೊ. ಗಿಡದ ತುದಿಯ ಎಲೆ. ಇದು ನಡುಮಧ್ಯದಲ್ಲಿ ಇರಬೇಕಿತ್ತು. ಒಂದು ಪಕ್ಕಕ್ಕೆ ಹಾಕಿದ್ದಾರೆ. ಅದಕ್ಕೇ ಆ ಪಕ್ಕ ಉರಿಯಲಿಲ್ಲ."

ಅಲ್ಲಿ ನನಗೆ ಥಟ್ಟನೆ ನಮ್ಮ ಹೊಲ ನೆನಪಾಯಿತು. ಹೊಗೆಸೊಪ್ಪನ್ನು ಕೆಳಗಿನಿಂದ ಮೇಲಕ್ಕೆ ಬಿಡಿಸುತ್ತಾ ಬರುತ್ತೀವಿ. ವಾರಕ್ಕೆ ಎರಡು ಮೂರು ಎಲೆ. ಕೆಳಗಿನ ಎಲೆ ತೆಳು, ಹಗುರ. ನಡುವಿನದು ಒಳ್ಳೇ ದರ ತರುವ ಎಲೆ. ತುದಿಯದು ಬಿಸಿಲು ಜಾಸ್ತಿ ಕುಡಿದು ದಪ್ಪ ಆಗಿರುತ್ತದೆ. ಸಿಗಾರ್ ಮಾಡುವವರೂ ಅದನ್ನೇ ವಿಂಗಡಿಸುತ್ತಾರೆ: ಕೆಳಗಿನ ವೊಲಾಡೊ ಚೆನ್ನಾಗಿ ಉರಿಯಲಿಕ್ಕೆ, ನಡುವಿನ ಸೆಕೊ ಪರಿಮಳಕ್ಕೆ, ತುದಿಯ ಲಿಹೆರೊ ಗಟ್ಟಿತನಕ್ಕೆ. ಲಿಹೆರೊ ನಿಧಾನವಾಗಿ ಉರಿಯುತ್ತದೆ. ಅದನ್ನು ನಡುವೆ ಇಟ್ಟು ಸುತ್ತ ಬೇರೆ ಎಲೆ ಕೊಟ್ಟರೆ ಬೆಂಕಿ ಎಲ್ಲ ಕಡೆ ಸಮವಾಗಿ ಇಳಿಯುತ್ತದೆ. ಪಕ್ಕಕ್ಕೆ ಸರಿದರೆ ದೋಣಿ. ಒಳಗೆ ಟೊಳ್ಳು ಇದ್ದರೆ ಇನ್ನೊಂದು ತರಹದ ತೊಂದರೆ, ನಡುವೆ ಸುರಂಗದ ಹಾಗೆ ಉರಿದು ಹೊರಗಿನ ಎಲೆ ಹಾಗೇ ನಿಲ್ಲುತ್ತದೆ.

ಆ ಕಹಿ ಎಲೆಯದಾಗಿರಲಿಲ್ಲ. ಗಾಳಿ ಇಲ್ಲದೆ ನಾನು ಜೋರಾಗಿ ಎಳೆದು ಬೆಂಕಿಯನ್ನು ಕಾಯಿಸಿದ್ದರಿಂದ ಬಂದದ್ದು. ಪಾಪ, ಬೆಳೆದವನ ಮೇಲೆ ತಪ್ಪು ಹೊರಿಸಿದ್ದೆ.

ಅವತ್ತಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಸಿಗಾರ್‌ಗೂ ಮೂರು ಸಾಲು. ಕಟ್ಟು, ಉರಿ, ರುಚಿ, ಇದೇ ಕ್ರಮದಲ್ಲಿ. ಮೊದಲೆರಡಕ್ಕೆ ಅವತ್ತೇ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುತ್ತೇನೆ. ರುಚಿಗೆ ಅದೇ ಸಿಗಾರ್ ಮೂರು ಸಲ ಸೇದುವ ತನಕ ಅಂಕ ಹಾಕುವುದಿಲ್ಲ. ಕೈಯಲ್ಲಿ ಸುತ್ತಿದ್ದು ಒಂದೊಂದೂ ಬೇರೆ. ಒಂದರಲ್ಲಿ ಒಂದು ಬ್ರಾಂಡನ್ನು ತೂಗಿ ತೀರ್ಪು ಕೊಡುವುದು ನ್ಯಾಯ ಅಲ್ಲ, ಅಲ್ವಾ?

ಈ ತಿಂಗಳು ನೋಡಿದ್ದು ಪದ್ರೋನ್ ಕಂಪನಿಯ 1964 ಆನಿವರ್ಸರಿ ಸಿಗಾರ್. ಎಕ್ಸ್‌ಕ್ಲೂಸಿವೊ ಅನ್ನುವುದು ಅದರ ಅಳತೆಯ ಹೆಸರು, ಮದೂರೊ ಅಂದರೆ ಕಪ್ಪು ಎಲೆಯದು. ಬಹಳ ದಿನದ ಆಸೆ. ಒಂದಕ್ಕೆ ಇಪ್ಪತ್ತು ಡಾಲರ್ ಆಸುಪಾಸು, ಮೂರು ತಂದೆ.

ಇದರ ಹಿಂದಿನ ಮನುಷ್ಯನ ಕತೆ ನನಗೆ ಇಷ್ಟ. ಹೋಸೆ ಓರ್ಲಾಂಡೊ ಪದ್ರೋನ್ ಕ್ಯೂಬಾದ ಪಿನಾರ್ ದೆಲ್ ರಿಯೊದಲ್ಲಿ ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಹುಟ್ಟಿದವರು. ಕ್ರಾಂತಿಯ ನಂತರ ದೇಶ ಬಿಟ್ಟು ಮಯಾಮಿಗೆ ಬಂದರು. ಸ್ನೇಹಿತರೊಬ್ಬರು ಒಂದು ಸಣ್ಣ ಸುತ್ತಿಗೆ ಕೊಟ್ಟರು. ಅದನ್ನು ಹಿಡಿದು ಮರಗೆಲಸ ಮಾಡಿ 600 ಡಾಲರ್ ಕೂಡಿಹಾಕಿ 1964ರಲ್ಲಿ ಸಿಗಾರ್ ಶುರು ಮಾಡಿದರು. 1970ರಲ್ಲಿ ನಿಕರಾಗುವಾಕ್ಕೆ ಹೋದರು. 1978ರಲ್ಲಿ ಅಲ್ಲಿನ ಗಲಭೆಯಲ್ಲಿ ಎಸ್ತೆಲಿ ಊರಿನ ಅವರ ಕಾರ್ಖಾನೆ ಸುಟ್ಟು ಹೋಯಿತು. ಮತ್ತೆ ಕಟ್ಟಿದರು. ಕಂಪನಿಗೆ ಮೂವತ್ತು ವರ್ಷ ತುಂಬಿದಾಗ, 1994ರಲ್ಲಿ, ಈ 1964 ಸರಣಿ ಬಂತು. ನಾಲ್ಕು ವರ್ಷ ಹಳೆಯದಾಗಿಸಿದ ಎಲೆ, ಎಲ್ಲವೂ ನಿಕರಾಗುವಾದಲ್ಲೇ ಬಿಸಿಲಿನಲ್ಲಿ ಬೆಳೆದದ್ದು. ಅವರು 2017ರಲ್ಲಿ ತೀರಿಕೊಂಡರು, 91 ವರ್ಷ. ಆ ಸುತ್ತಿಗೆಯ ಗುರುತನ್ನು ಮನೆಯವರು ಇವತ್ತಿಗೂ ಹೆಮ್ಮೆಯಿಂದ ಉಳಿಸಿಕೊಂಡಿದ್ದಾರೆ.

ತಂದ ದಿನವೇ ಹಚ್ಚಲಿಲ್ಲ. ಟ್ಯಾಂಪಾದ ಗಾಳಿ ಒದ್ದೆ ಬಟ್ಟೆಯ ಹಾಗೆ. ಮನೆಯೊಳಗೆ ಏಸಿ ಹಾಕಿದರೆ ಅಷ್ಟೇ ಒಣ. ಸಿಗಾರ್‌ಗೆ ಬೇಕಾದದ್ದು ನೂರಕ್ಕೆ 65ರಿಂದ 70ರಷ್ಟು ತೇವ ಇರುವ ಗಾಳಿ. ನನ್ನ ಹತ್ತಿರ ಸೀಡರ್ ಮರದ ಸಣ್ಣ ಪೆಟ್ಟಿಗೆ ಇದೆ, ಅದರಲ್ಲಿ ತೇವ ಅಳೆಯುವ ಮೀಟರ್. ಮೀಟರನ್ನು ಸುಮ್ನೆ ನಂಬಬಾರದು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಹನಿಹನಿ ನೀರು ಬಿಟ್ಟು ಒದ್ದೆ ಮರಳಿನ ಹಾಗೆ ಮಾಡಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಡಿ. ಆಗ ಮೀಟರ್ 75 ತೋರಿಸಬೇಕು. ನನ್ನದು 71 ತೋರಿಸಿತು, ಅಂದರೆ ನಾಲ್ಕು ಕಮ್ಮಿ. ಅಷ್ಟನ್ನು ಕೂಡಿಸಿಕೊಂಡು ಓದುತ್ತೇನೆ. ಮೂರು ವಾರ ಹಾಗೇ ಇಟ್ಟೆ.

ಹೋದ ಶನಿವಾರ ರಾತ್ರಿ ಎಂಟಕ್ಕೆ ಒಂದನ್ನು ತೆಗೆದೆ. ಒಂದು ಗಂಟೆ ಮುಂಚೆ ಮೊಸರನ್ನ ತಿಂದಿದ್ದೆ. ಉಪ್ಪಿನಕಾಯಿ ಇಲ್ಲ. ನಾಲಿಗೆ ಮೇಲೆ ಖಾರ ಕೂತಿದ್ದರೆ ಏನೂ ಗೊತ್ತಾಗುವುದಿಲ್ಲ. ಕುಡಿಯಲು ಬರೀ ನೀರು.

ಇದು ದುಂಡಗಿಲ್ಲ, ಚೌಕ. ಪೆಟ್ಟಿಗೆಯಲ್ಲಿ ಒತ್ತಿ ಮಾಡಿದ ಆಕಾರ. ಉದ್ದ ಐದೂವರೆ ಇಂಚು, ದಪ್ಪ 50. ಆ 50 ಅಂದರೆ ಒಂದು ಇಂಚನ್ನು 64 ಭಾಗ ಮಾಡಿ ಅದರಲ್ಲಿ 50. ಬಣ್ಣ ಚೆನ್ನಾಗಿ ಹುರಿದ ಕಾಫಿ ಬೀಜದ್ದು. ಕಾಗದದ ಎರಡು ಪಟ್ಟಿ, ಕೆಳಗಿನ ಪಟ್ಟಿಯ ಮೇಲೆ ನಂಬರ್ ಅಚ್ಚಾಗಿದೆ. ನಕಲಿ ತಡೆಯಲು ಪ್ರತಿಯೊಂದಕ್ಕೂ ಬೇರೆ ನಂಬರ್ ಹಾಕುತ್ತಾರೆ.

ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಬುಡದಿಂದ (ಹಚ್ಚುವ ತುದಿ) ತಲೆಯವರೆಗೆ (ಬಾಯಿಗಿಡುವ ತುದಿ) ನಿಧಾನಕ್ಕೆ ಒತ್ತುತ್ತಾ ಬಂದೆ. ನಮ್ಮಪ್ಪನ ಮುಷ್ಟಿಯೇ ಇದು, ಎರಡು ಬೆರಳಿಗೆ ಇಳಿದಿದೆ. ಚಟಚಟ ಸದ್ದು ಬಂದರೆ ಒಣಗಿದೆ. ಸ್ಪಂಜಿನ ಹಾಗೆ ಅಮುಕಿದರೆ ತೇವ ಜಾಸ್ತಿ. ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಗಂಟು ಸಿಕ್ಕಿದರೆ ಒಳಗೆ ಎಲೆ ಸರಿಯಾಗಿ ಕೂತಿಲ್ಲ. ಇದರಲ್ಲಿ ಗಂಟು ಸಿಗಲಿಲ್ಲ. ಒತ್ತಿದರೆ ಸ್ವಲ್ಪ ಬಗ್ಗಿ ಮತ್ತೆ ಎದ್ದು ನಿಂತಿತು. ಹದ.

ರ‍್ಯಾಪರ್‌ನ ಜೋಡಣೆ ಎಲ್ಲಿದೆ ಅಂತ ಬೆಳಕಿಗೆ ಹಿಡಿದು ಹುಡುಕಬೇಕಾಯಿತು. ಎರಡು ಸಣ್ಣ ನರ ಇವೆ, ಉಗುರು ತಾಗಿಸಿದರೆ ಗೊತ್ತಾಗುತ್ತದೆ. ಅದು ದೋಷ ಅಲ್ಲ, ಎಲೆ ಅಂದ ಮೇಲೆ ನರ ಇರುತ್ತದೆ. ತಲೆಯ ಟೋಪಿಯನ್ನು ಮಾತ್ರ ಬಹಳ ಹೊತ್ತು ನೋಡಿದೆ. ಸಣ್ಣ ಎಲೆತುಂಡನ್ನು ಸುತ್ತಿ ಸುತ್ತಿ ಕೂರಿಸಿದ್ದಾರೆ. ಅಂಚುಗಳು ಬಟನ್ ಹೊಲಿದಷ್ಟು ಅಚ್ಚುಕಟ್ಟು. ಅಜ್ಜ ಯಾವಾಗಲೂ ಹೇಳುತ್ತಾರೆ, "ಟೋಪಿ ನೋಡು. ಸುತ್ತುವವನು ದಣಿದಿದ್ದರೆ ಮೊದಲು ಅಲ್ಲಿ ಗೊತ್ತಾಗುತ್ತೆ."

ಕತ್ತರಿಸುವಾಗ ಟೋಪಿಯ ಗೆರೆ ದಾಟಬಾರದು. ಎರಡು ಮಿಲಿಮೀಟರ್ ಸಾಕು. ದಾಟಿದರೆ ಹೊರಗಿನ ಎಲೆ ಬಿಚ್ಚಿಕೊಳ್ಳುತ್ತದೆ. ಕತ್ತರಿಸಿ, ಹಚ್ಚುವ ಮುಂಚೆಯೇ ಒಮ್ಮೆ ಎಳೆದು ನೋಡಿದೆ. ಗಾಳಿ ಸಲೀಸಾಗಿ ಬಂತು, ಆದರೆ ಪೊಳ್ಳಾಗಿ ಅಲ್ಲ. ಸ್ವಲ್ಪ ತಡೆ ಇತ್ತು. ಆ ತಡೆ ಇರಬೇಕು. ಈಗ ದೊಡ್ಡ ಕಾರ್ಖಾನೆಗಳಲ್ಲಿ ಇದನ್ನು ಅಳೆಯುವುದಕ್ಕೇ ಯಂತ್ರ ಇದೆ. ರ‍್ಯಾಪರ್ ಸುತ್ತುವ ಮುಂಚೆಯೇ ಒಳಗಿನ ಕಟ್ಟಿನ ಮೂಲಕ ಗಾಳಿ ಎಳೆದು ನೋಡುತ್ತಾರೆ. ಸರಿ ಇಲ್ಲದ್ದನ್ನು ಬಿಚ್ಚಿ ಮತ್ತೆ ಕಟ್ಟುತ್ತಾರೆ. ಆ ನಾಲ್ಕು ವರ್ಷದ ಹಿಂದಿನ ಸಿಗಾರ್ ಇಂಥ ಯಂತ್ರದ ಮುಂದೆ ಹೋಗಿದ್ದರೆ ನನ್ನವರೆಗೆ ಬರುತ್ತಲೇ ಇರಲಿಲ್ಲ. ಕಟ್ಟು: 9. ಆ ಎರಡು ನರಕ್ಕೆ ಕಳೆಯಲಿಲ್ಲ, ಚೌಕದ ಒಂದು ಮೂಲೆ ಕೊಂಚ ದುಂಡಾಗಿತ್ತು, ಅದಕ್ಕೆ ಒಂದು ಕಳೆದೆ.

ಹಚ್ಚುವುದಕ್ಕೆ ಆತುರ ಪಡಬಾರದು. ಜ್ವಾಲೆಯನ್ನು ಬುಡಕ್ಕೆ ತಾಗಿಸದೆ, ಸ್ವಲ್ಪ ಕೆಳಗೆ ಹಿಡಿದು ಸಿಗಾರನ್ನು ತಿರುಗಿಸುತ್ತಾ ಇರಬೇಕು, ಹಪ್ಪಳ ಕೆಂಡದ ಮೇಲೆ ಸುಡುವ ಹಾಗೆ. ಅಂಚು ಎಲ್ಲ ಕಡೆ ಬೂದು ಬಣ್ಣಕ್ಕೆ ತಿರುಗಿದ ಮೇಲೆ ಮೊದಲ ಎಳೆತ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಹುಣಸೂರಿನ ಸೊಪ್ಪು ಸಿಗರೇಟಿಗೆ ಹೋಗುವ ವರ್ಜೀನಿಯಾ. ಅದನ್ನು ಬ್ಯಾರನ್‌ನಲ್ಲಿ ಬಿಸಿಗಾಳಿ ಕೊಟ್ಟು ಒಂದು ವಾರದೊಳಗೆ ಬೇಯಿಸಿ ಹಳದಿ ಮಾಡುತ್ತೀವಿ. ಎಲೆಯ ಸಕ್ಕರೆ ಅಂಶ ಒಳಗೇ ಉಳಿಯುತ್ತದೆ. ಸಿಗಾರ್ ಎಲೆಗೆ ಬೆಂಕಿ ಇಲ್ಲ. ನೆರಳಿನ ಕೊಟ್ಟಿಗೆಯಲ್ಲಿ ಒಂದೂವರೆ ಎರಡು ತಿಂಗಳು ಗಾಳಿಗೆ ನೇತುಹಾಕುತ್ತಾರೆ. ಕಂದು ಬಣ್ಣಕ್ಕೆ ಬಂದ ಮೇಲೆ ಆಳೆತ್ತರ ರಾಶಿ ಹಾಕಿ ಹುದುಗಿಸುತ್ತಾರೆ. ತಿಪ್ಪೆಯೊಳಗೆ ಕೈ ಹಾಕಿದರೆ ಬಿಸಿ ತಾಗುತ್ತದಲ್ಲ, ರಾಶಿಯ ಒಳಗೂ ಹಾಗೇ ಕಾವು ಏರುತ್ತದೆ. ಏರಿದಾಗ ರಾಶಿ ಒಡೆದು ತಿರುವಿ ಹಾಕುತ್ತಾರೆ. ಆ ಕಾವಿನಲ್ಲಿ ಅಮೋನಿಯ ಹೊರಟು ಹೋಗುತ್ತದೆ. ಸರಿಯಾಗಿ ಹುದುಗದ ಎಲೆಯ ಸಿಗಾರ್ ಹಚ್ಚಿದರೆ ಮೂಗು ಚುರ್ ಅನ್ನುವುದು ಅದಕ್ಕೇ. ಮದೂರೊ ಎಲೆಯನ್ನು ಇನ್ನೂ ಜಾಸ್ತಿ ಹುದುಗಿಸುತ್ತಾರೆ, ಅದಕ್ಕೇ ಆ ಕಪ್ಪು. ಹೀಗೆ ಮಾಡಿದ ಎಲೆಯ ಹೊಗೆ ಕ್ಷಾರ. ಬಾಯಿಯ ಒಳಚರ್ಮವೇ ಅದರ ನಿಕೋಟಿನ್ ಹೀರುತ್ತದೆ. ಎದೆಗೆ ಎಳೆಯುವ ಅಗತ್ಯ ಇಲ್ಲ, ಎಳೆಯಲೂ ಬಾರದು. ಬಾಯಲ್ಲಿ ತುಂಬಿಕೊಂಡು ಬಿಡುವುದು ಅಷ್ಟೇ.

ಮೊದಲ ಹತ್ತು ನಿಮಿಷ ಬೆಂಕಿಯ ಗೆರೆ ಸ್ವಲ್ಪ ಓರೆ ಆಯಿತು. ಮುಂಚೆ ಆಗಿದ್ದರೆ ಲೈಟರ್ ತೆಗೆದು ಸರಿ ಮಾಡುತ್ತಿದ್ದೆ. ಈಗ ಸುಮ್ಮನೆ ಬಿಡುತ್ತೇನೆ. ಒಳ್ಳೇ ಕಟ್ಟಿನ ಸಿಗಾರ್ ತಾನೇ ಸರಿ ಆಗುತ್ತದೆ. ಹಿಂದೆ ಉಳಿದ ಪಕ್ಕವನ್ನು ಕೆಳಗೆ ಮಾಡಿ ಹಿಡಿದೆ. ನಿಮಿಷಕ್ಕೆ ಒಂದು ಎಳೆತ, ಅದಕ್ಕಿಂತ ಬೇಗ ಇಲ್ಲ. ಇನ್ನೈದು ನಿಮಿಷದಲ್ಲಿ ಗೆರೆ ನೇರ ಆಯಿತು, ಲಂಗದ ಅಂಚಿನ ಹಾಗೆ ಸುತ್ತಲೂ ಒಂದೇ ಸಮ. ಬೂದಿ ಒಂದು ಇಂಚು ದಾಟಿ ನಿಂತಿತ್ತು. ತಿಳಿ ಬೂದು, ಬಿಗಿ, ಪದರಪದರ.

ಅಷ್ಟೊತ್ತಿಗೆ ಫೋನ್ ಬಂತು. ಇಲ್ಲಿ ಶನಿವಾರ ರಾತ್ರಿ ಎಂಟೂವರೆ ಅಂದರೆ ಊರಲ್ಲಿ ಭಾನುವಾರ ಬೆಳಿಗ್ಗೆ ಆರು. ಅಪ್ಪ ವಿಡಿಯೋದಲ್ಲಿ. ಹಿಂದೆ ಜಗುಲಿ, ಕೈಯಲ್ಲಿ ಟೀ ಲೋಟ. ನಾನು ಸೇದುವುದು ಅವರಿಗೆ ಗೊತ್ತು, ಇಷ್ಟ ಇಲ್ಲ. ಅದನ್ನು ಒಂದೇ ಸಲ ಹೇಳಿದ್ದಾರೆ, ಮತ್ತೆ ಹೇಳಿಲ್ಲ. ಈ ವರ್ಷ ಎಷ್ಟು ಬೇಲು ಬ್ರೈಟ್ ಗ್ರೇಡಿಗೆ ಬಂತು, ಎಷ್ಟು ಲೋ ಗ್ರೇಡಿಗೆ ಹೋಯ್ತು ಅಂತ ಹೇಳುತ್ತಿದ್ದವರು ಥಟ್ಟನೆ ನಿಲ್ಲಿಸಿದರು.

"ಅದೇನ್ ಮಗ ಕೈಯಾಗೆ? ಬೂದಿ ತೋರ್ಸು."

ಕ್ಯಾಮೆರಾಕ್ಕೆ ಹತ್ತಿರ ಹಿಡಿದೆ. ಲೋಟ ಕೆಳಗಿಟ್ಟು, ಕನ್ನಡಕ ಹಾಕಿಕೊಂಡು ನೋಡಿದರು.

"ಎಷ್ಟೊತ್ತಾಯ್ತು ಹಚ್ಚಿ?"

"ಇಪ್ಪತ್ತೈದು ನಿಮಿಷ ಅಪ್ಪ."

"ಸೇದ್ದೆ ಬುಟ್ರೆ ಆರೋಯ್ತದಾ?"

ಮಾತಾಡುತ್ತಾ ಎರಡು ಮೂರು ನಿಮಿಷ ನಾನು ಎಳೆದೇ ಇರಲಿಲ್ಲ. ಈಗ ಎಳೆದೆ. ಕೆಂಡ ತಕ್ಷಣ ಹೊಳೆಯಿತು, ಹೊಗೆ ತುಂಬಿ ಬಂತು.

"ನೀರು ಸಿಹಿ ಐತೆ ಆ ಊರಲ್ಲಿ" ಅಂದರು ಅಪ್ಪ. "ಕೆಂಪು ಪೊಟ್ಯಾಷ್ ಹಾಕಿಲ್ಲ ಅವ್ರು."

ಹೊಗೆಸೊಪ್ಪು ಬೆಳೆಯದವರಿಗೆ ಇದು ಅರ್ಥ ಆಗುವುದು ಕಷ್ಟ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಎಲೆ ಚೆನ್ನಾಗಿ ಉರಿಯಬೇಕಾದರೆ ಪೊಟ್ಯಾಷ್ ಬೇಕು. ಆದರೆ ಬೇರೆ ಬೆಳೆಗೆಲ್ಲ ಹಾಕುವ ಅಗ್ಗದ ಕೆಂಪು ಪೊಟ್ಯಾಷ್‌ನಲ್ಲಿ ಕ್ಲೋರೈಡ್ ಇರುತ್ತದೆ. ಎಲೆಯಲ್ಲಿ ಕ್ಲೋರೈಡ್ ಜಾಸ್ತಿ ಆದರೆ ಅದು ತೇವ ಹಿಡಿದುಕೊಂಡು ಕೂರುತ್ತದೆ, ಬೆಂಕಿ ಹಿಡಿಯುವುದಿಲ್ಲ, ಹಚ್ಚಿದ್ದು ಆರಿ ಹೋಗುತ್ತದೆ. ಉಪ್ಪು ನೀರು ಹಾಯಿಸಿದರೂ ಅದೇ ಗತಿ. ಅದಕ್ಕೇ ನಮ್ಮ ಕಡೆ ಹೊಗೆಸೊಪ್ಪಿಗೆ ಎಸ್‌ಒಪಿ, ಅಂದರೆ ಸಲ್ಫೇಟ್ ರೂಪದ ಪೊಟ್ಯಾಷ್, ಹಾಕುತ್ತೀವಿ. ತಂಬಾಕು ಮಂಡಳಿಯೇ ರೈತರಿಗೆ ಅದನ್ನು ಒದಗಿಸುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ಗೊಬ್ಬರ ಬರುವುದು ತಡ ಆಗಿ, ಪಕ್ಕದ ಹೊಲದವರು ಕೆಂಪು ಪೊಟ್ಯಾಷನ್ನೇ ಹಾಕಿಬಿಟ್ಟರು. ಎಲೆ ನೋಡಲು ಅಗಲ, ದಪ್ಪ, ಚೆಂದ. ಅಪ್ಪ ಅದರ ಒಂದು ತುಂಡು ಕಿತ್ತು, ಒಲೆಯ ಕೆಂಡ ತಾಗಿಸಿ, ಊದದೆ ಹಿಡಿದು ನಿಂತರು. ಕೆಂಪು ಚುಕ್ಕೆ ಒಂದು ಬೆರಳಗಲ ಕೂಡ ಹೋಗಲಿಲ್ಲ, ಕಪ್ಪಾಗಿ ನಿಂತಿತು. ಆಮೇಲೆ ನಮ್ಮ ಎಲೆಗೆ ತಾಗಿಸಿದರು. ಚುಕ್ಕೆ ಹುಳು ತಿಂದ ಹಾಗೆ ಅಂಚಿನವರೆಗೂ ಹರಿಯಿತು.

ಹದಿನೈದು ಸಾವಿರ ಕಿಲೋಮೀಟರ್ ದೂರದಿಂದ, ಫೋನಿನ ಗಾಜಿನ ಮೇಲೆ, ತಾವು ಎಂದೂ ನೋಡದ ನಿಕರಾಗುವಾದ ಹೊಲದ ನೀರು ಗೊಬ್ಬರವನ್ನು ಅಪ್ಪ ಬೂದಿಯಲ್ಲಿ ಓದಿದರು. ನನಗೆ ಗಂಟಲು ಕಟ್ಟಿತು. ಬೂದಿ ಬೆಳ್ಳಗಿದ್ದರೆ ಒಳ್ಳೇ ಸಿಗಾರ್ ಅಂತ ಬಹಳ ಜನ ಹೇಳುತ್ತಾರೆ. ಬಣ್ಣ ಮಣ್ಣಿನ ಖನಿಜದಿಂದ ಬರುತ್ತದೆ, ಅದೊಂದರಿಂದಲೇ ಗುಣ ಹೇಳಲಿಕ್ಕೆ ಆಗದು. ಅಪ್ಪ ಬಣ್ಣ ಕೇಳಲಿಲ್ಲ. ಬಿಟ್ಟರೆ ಆರುತ್ತದಾ ಅಂತ ಕೇಳಿದರು. ಸರಿಯಾದ ಪ್ರಶ್ನೆ ಅದು. ನೋಟ್‌ಬುಕ್ಕಿನಲ್ಲಿ ಉರಿಯ ಸಾಲಿಗೆ ಈಗ ಅದನ್ನೂ ಸೇರಿಸಿದ್ದೇನೆ: ಮೂರು ನಿಮಿಷ ಬಿಟ್ಟು ಎಳೆದರೆ ಬದುಕಿದೆಯಾ?

ಅವರು ಹಸು ಕರೆಯಲು ಹೋದರು. ನಾನು ರುಚಿಯ ಕಡೆ ಬಂದೆ.

ಮೊದಲ ಭಾಗದಲ್ಲಿ ಕಾಳುಮೆಣಸು. ನಾಲಿಗೆಗಿಂತ ಮೂಗಿನಲ್ಲಿ ಜಾಸ್ತಿ. ಬಾಯಲ್ಲಿರುವ ಹೊಗೆಯನ್ನು ಎದೆಗೆ ಇಳಿಸದೆ ಸ್ವಲ್ಪವನ್ನು ಮೂಗಿನಿಂದ ಬಿಟ್ಟರೆ ಪರಿಮಳ ಪೂರ್ತಿ ಗೊತ್ತಾಗುತ್ತದೆ. ನಾಲಿಗೆಗೆ ಸಿಹಿ, ಹುಳಿ, ಉಪ್ಪು, ಕಹಿಯಂಥ ಕೆಲವೇ ರುಚಿ ತಿಳಿಯುತ್ತದೆ, ಉಳಿದದ್ದು ಬಹುಪಾಲು ಮೂಗಿನ ಕೆಲಸ. ಮೆಣಸಿನ ಹಿಂದೆಯೇ ಹಾಲು ಹಾಕದ ಗಟ್ಟಿ ಡಿಕಾಕ್ಷನ್, ಚಿಕೋರಿ ಕಮ್ಮಿ ಇರುವಂಥದು.

ಎರಡನೇ ಭಾಗದಲ್ಲಿ ಮೆಣಸು ಹಿಂದೆ ಸರಿಯಿತು. ಕೋಕೋ ಪುಡಿಯ ಒಣ ಕಹಿ ಬಂತು, ಅದರ ಅಡಿಯಲ್ಲಿ ಒಂದು ಸಿಹಿ. ಈ ಸಿಹಿಗೆ ಹೆಸರು ಹುಡುಕುತ್ತಾ ಬಹಳ ಹೊತ್ತು ಕೂತೆ. ಇಂಗ್ಲಿಷಿನ ಸಿಗಾರ್ ಬರಹಗಳಲ್ಲಿ ಮೊಲಾಸಸ್, ಲೆದರ್, ಮಾರ್ಷ್‌ಮ್ಯಾಲೊ ಅಂತೆಲ್ಲ ಬರುತ್ತದೆ. ಮೊದಮೊದಲು ನಾನೂ ಅದನ್ನೇ ಬರೆಯುತ್ತಿದ್ದೆ. ನಾನು ಚರ್ಮವನ್ನು ಯಾವತ್ತು ರುಚಿ ನೋಡಿದ್ದೆ? ಈಗ ನನ್ನ ಮೂಗಿಗೆ ನಿಜವಾಗಿ ಗೊತ್ತಿರುವುದನ್ನು ಮಾತ್ರ ಬರೆಯುತ್ತೇನೆ. ಇದು ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಗಟ್ಟಿಯಾಗುವ ಹೊತ್ತಿನ ವಾಸನೆ, ಇನ್ನೇನು ಅಚ್ಚಿಗೆ ಸುರಿಯುತ್ತಾರೆ ಅನ್ನುವಾಗಿನದು. ಬೆಲ್ಲ ಅಂತ ಬರೆದರೆ ತಪ್ಪಾಗುತ್ತದೆ, ಬೆಲ್ಲ ಆಗುವುದಕ್ಕೆ ಸ್ವಲ್ಪ ಮುಂಚಿನದು. ಜತೆಗೆ ಹುರುಳಿಕಾಳು ಹುರಿಯುವ ಘಮ. ಅಮ್ಮ ಹುರುಳಿ ಹುರಿಯುವಾಗ ಮೊದಲು ಹಸಿ ವಾಸನೆ ಬರುತ್ತದೆ, ಆಮೇಲೆ ಮಣ್ಣಿನ ವಾಸನೆ, ಕೊನೆಗೆ ಕಾಳು ಚಟಪಟ ಅನ್ನುವಾಗ ಬೇರೆಯೇ ಒಂದು ಘಮ. ಆ ಕೊನೆಯದು.

ಎಳೆತ ಸಡಿಲ ಇದ್ದಿದ್ದರೆ, ಉರಿ ಓರೆ ಇದ್ದಿದ್ದರೆ ಇದರಲ್ಲಿ ಒಂದೂ ನನಗೆ ಸಿಗುತ್ತಿರಲಿಲ್ಲ. ಖಾರ, ಕಹಿ ಅಂತ ಎರಡು ಪದ ಬರೆದು ಮುಗಿಸುತ್ತಿದ್ದೆ.

ಕೊನೆಯ ಭಾಗಕ್ಕೆ ಬರುವಾಗ ಬೂದಿ ತಾನೇ ಬಿತ್ತು, ಒಂದೇ ತುಂಡಾಗಿ. ಪಟ್ಟಿಯ ಹತ್ತಿರ ಬಂದಾಗ ಗಟ್ಟಿತನ ಏರಿತು, ಮೆಣಸು ವಾಪಸ್ ಬಂತು. ಬೆರಳಿಗೆ ಬಿಸಿ ತಾಗುವ ಮುಂಚೆಯೇ, ಒಂದೂವರೆ ಇಂಚು ಉಳಿದಾಗ ಇಟ್ಟುಬಿಟ್ಟೆ. ಒಂದು ಗಂಟೆ ಹತ್ತು ನಿಮಿಷ. ಸಿಗಾರನ್ನು ಸಿಗರೇಟಿನ ಹಾಗೆ ಒತ್ತಿ ಆರಿಸಬಾರದು, ವಾಸನೆ ಬರುತ್ತದೆ. ಸುಮ್ಮನೆ ಬಿಟ್ಟರೆ ತಾನೇ ಆರುತ್ತದೆ. ಆರುವುದಕ್ಕೆ ಎಷ್ಟು ಹೊತ್ತು ಬೇಕಾಯಿತು ಅಂತ ಅವತ್ತು ಗಡಿಯಾರ ನೋಡುತ್ತಾ ಕೂತೆ. ಒಂಬತ್ತು ನಿಮಿಷ.

ಮಾರನೇ ದಿನ ಬೆಳಿಗ್ಗೆ ಅಜ್ಜ ಬೇಲಿ ಹತ್ತಿರ ಬಂದರು. ರಾತ್ರಿ ಅವರ ಮನೆ ಕಡೆಗೇ ಗಾಳಿ ಬೀಸುತ್ತಿತ್ತು. "ಯಾವುದದು?" ಅಂದರು. ಹೇಳಿದೆ. ಉಳಿದ ತುಂಡು ತೋರಿಸಿದೆ. ಅದನ್ನು ತಿರುಗಿಸಿ, ಸುಟ್ಟ ತುದಿಯನ್ನು ನೋಡಿದರು. ಕೆಂಡ ನಿಂತ ಜಾಗ ಮೊನಚಾಗಿ ಗೋಪುರದ ಹಾಗಿತ್ತು, ತುದಿ ಸರಿಯಾಗಿ ನಟ್ಟನಡುವೆ. ಲಿಹೆರೊ ಕೂತ ಜಾಗ. ಅಜ್ಜ ಅದರ ಮೇಲೆ ಹೆಬ್ಬೆರಳು ಇಟ್ಟು, ಏನೂ ಮಾತಾಡದೆ ಎರಡು ಸಲ ತಲೆ ಆಡಿಸಿ ನನ್ನ ಕೈಗೆ ವಾಪಸ್ ಕೊಟ್ಟರು.

ನೋಟ್‌ಬುಕ್ಕಿನಲ್ಲಿ ಕಟ್ಟು 9, ಉರಿ 10. ರುಚಿಯ ಮುಂದೆ ಆಲೆಮನೆ, ಹುರುಳಿ, ಡಿಕಾಕ್ಷನ್ ಅಂತ ಬರೆದು ಅಂಕದ ಜಾಗ ಖಾಲಿ ಬಿಟ್ಟಿದ್ದೇನೆ. ಪೆಟ್ಟಿಗೆಯಲ್ಲಿ ಇನ್ನೂ ಎರಡಿವೆ.